ಎಂಟನೆಯ ಸಾಕ್ಷಿ

ಡುಲೂತ್, ಮಿನೆಸೋಟಾ
ನವೆಂಬರ್ 31, 2206

ಮುತ್ತಜ್ಜಿಯ ಮುತ್ತಜ್ಜಿಗೆ, ಸಾವಂತ್ರಿಯ ನಮಸ್ಕಾರ.

ನವೆಂಬರಿಗೆ ಮೂವತ್ತೊಂದು ದಿನ ಎಲ್ಲಿಂದ ಬಂತು ಎಂದು ಹುಬ್ಬೇರಿಸಬೇಡಿ, ನಮ್ಮ ಕ್ಯಾಲೆಂಡರ್ ತಿದ್ದಿ ಐವತ್ತು ವರ್ಷವಾಯಿತು. ಗೊತ್ತಿಲ್ಲದ ಪದ ಬಂದರೆ ಕ್ಷಮಿಸಿ, ಅಲ್ಲಲ್ಲೇ ಬಿಡಿಸಿ ಹೇಳುತ್ತೇನೆ. ನಿಮಗಿನ್ನೂ ಮೂವತ್ತನಾಲ್ಕು, ನನಗೆ ಎಪ್ಪತ್ತೊಂದು. ಆದರೂ ಹಿರಿಯರು ನೀವೇ, ಹಾಗಾಗಿ ಬಹುವಚನ. ನೀವು ಈ ದೇಶದ ಪೌರತ್ವ ಪಡೆದು ಮತದಾರರ ಪಟ್ಟಿಗೆ ಹೆಸರು ಸೇರಿಸಿದ ವರ್ಷಕ್ಕೆ ಈ ಕಾಗದ ಬರೆಯುತ್ತಿದ್ದೇನೆ.

ನೀವು ಕಂಡ ಎಷ್ಟೋ ಸಂಗತಿ ಹಾಗೇ ಇದೆ. ಮತದಾನ ಈಗಲೂ ನವೆಂಬರಿನ ಮಂಗಳವಾರವೇ. ಪಟ್ಟಿಗೆ ಹೆಸರು ಸೇರಿಸುವ ಕೆಲಸ ಈಗಲೂ ಮತದಾರರದೇ, ಸರ್ಕಾರ ಮನೆಗೆ ಬಂದು ಬರೆದುಕೊಳ್ಳುವುದಿಲ್ಲ. ಅಧ್ಯಕ್ಷರನ್ನು ಈಗಲೂ ನೇರವಾಗಿ ಆರಿಸುವುದಿಲ್ಲ. ರಾಜ್ಯದಲ್ಲಿ ಹೆಚ್ಚು ಮತ ಪಡೆದವರಿಗೆ ಆ ರಾಜ್ಯದ ಪ್ರತಿನಿಧಿ ಮತಗಳೆಲ್ಲ ಹೋಗುತ್ತವೆ. ಬದಲಾಯಿಸಬೇಕೆಂಬ ಚರ್ಚೆ ನಡೆದೇ ಇದೆ. ನಗಬೇಡಿ. ಪಕ್ಷಗಳೂ ಎರಡೇ, ಹೆಸರು ಮಾತ್ರ ಬೇರೆ. ಇಲ್ಲಿನ ಸರೋವರದ ನೀರು ಇಲ್ಲೇ ಉಳಿಯಲಿ ಎನ್ನುವುದು ಸರೋವರ ಪಕ್ಷ, ಒಣಗಿದ ದಕ್ಷಿಣಕ್ಕೂ ಹರಿಯಲಿ ಎನ್ನುವುದು ಕಾಲುವೆ ಪಕ್ಷ. ಕ್ಷೇತ್ರಕ್ಕೆ ಒಂದೇ ಸೀಟು, ಹೆಚ್ಚು ಮತ ಬಿದ್ದವರಿಗೆ ಅದು. ಹಾಗಾಗಿ ಮೂರನೆಯ ಪಕ್ಷ ಹುಟ್ಟಿದರೂ ಬಾಳುವುದಿಲ್ಲ. ನಾನು ಸರೋವರದವಳು, ಹುಟ್ಟಾ ಹಟಮಾರಿ.

ಕಡಲು ಊರುಗಳನ್ನು ನುಂಗಿದ ಮೇಲೆ ಜನ ಇಲ್ಲಿಗೆ ಬಂದರು. ನೆಲ ಸಾಲದೆ ಅರ್ಧ ಊರು ತೇಲ್ಮನೆಗಳಲ್ಲಿದೆ. ಅಂದರೆ ದಡಕ್ಕೆ ಹಗ್ಗ ಬಿಗಿದು ನೀರಿನ ಮೇಲೆ ಕಟ್ಟಿದ ಮನೆಗಳು. ಮಂಜುಗಡ್ಡೆ ಕರಗಿದಾಗ ಅವು ಜಾಗ ಬದಲಿಸುತ್ತವೆ, ಅವಕ್ಕೆ ಕಾಯಂ ವಿಳಾಸವಿಲ್ಲ. ಯಂತ್ರಗಳು ಎಂಥ ಕಾಗದವನ್ನಾದರೂ ಸೃಷ್ಟಿಸುವುದರಿಂದ ಕಾಗದವನ್ನು ಯಾರೂ ನಂಬುವುದಿಲ್ಲ. ಅದಕ್ಕೇ ಓಣಿಸಾಕ್ಷಿ ಬಂತು. ನೆಲದ ಮೇಲೆ ಮನೆಯಿದ್ದವರು ಪ್ರತಿ ಚುನಾವಣೆಯಲ್ಲೂ ತೇಲ್ಮನೆಯವರ ಜೊತೆ ಮತಗಟ್ಟೆಗೆ ಹೋಗಿ, ಕೈಯೆತ್ತಿ, ಇವರು ನಮ್ಮ ಓಣಿಯವರು ಎನ್ನಬೇಕು. ಒಬ್ಬರು ಎಂಟು ಜನರಿಗೆ ಹೇಳಬಹುದು. ನಿಮ್ಮ ಕಾಲದ ಮಿನೆಸೋಟಾದಲ್ಲೂ ಒಬ್ಬ ಮತದಾರ ಎಂಟು ಜನರ ವಾಸಕ್ಕೆ ಸಾಕ್ಷಿ ಹೇಳಬಹುದಿತ್ತಂತೆ. ನಾವು ಹೊಸದೇನೂ ಕಂಡುಹಿಡಿದಿಲ್ಲ.

ನಮ್ಮ ಹಿತ್ತಲಿಗೇ ಹಗ್ಗ ಬಿಗಿದ ತೇಲ್ಮನೆ ನೀಲವ್ವ ಹೌಗನ್ ಅವರದು. ಹದಿನಾರು ವರ್ಷದ ನೆರೆಹೊರೆ, ಮಂಜುಗಡ್ಡೆ ಕರಗಿ ಅತ್ತಿತ್ತ ಸರಿದರೂ ಮತ್ತೆ ಇಲ್ಲಿಗೇ ಬರುತ್ತಾರೆ. ನನಗೆ ಮೊಣಕಾಲು ನೋವಾದಾಗ ಎರಡು ತಿಂಗಳು ಊಟ ತಂದುಕೊಟ್ಟ ಕೈ ಅದು. ಓಣಿಯಲ್ಲಿ ಕಾಲುವೆ ಪಕ್ಷಕ್ಕೆ ಮತ ಹಾಕುವವರು ಅವರೊಬ್ಬರೇ. ಅವರಿಗೆ ಸಾಕ್ಷಿ ಹೇಳುತ್ತಿದ್ದವರು ಊರು ಬಿಟ್ಟಿದ್ದರಿಂದ ಎರಡು ವರ್ಷದ ಹಿಂದಿನ ಅಧ್ಯಕ್ಷ ಚುನಾವಣೆಯಲ್ಲಿ ನನ್ನ ಬಾಗಿಲಿಗೆ ಬಂದರು. ಅಷ್ಟು ಹೊತ್ತಿಗೆ ನಾನು ಏಳು ಜನರಿಗೆ ಸಾಕ್ಷಿ ಹೇಳಿದ್ದೆ. ಎಂಟೂ ಮುಗಿದವು ನೀಲಕ್ಕ, ಅಂದುಬಿಟ್ಟೆ. ಆಯ್ತು ಬಿಡವ್ವಾ, ಎಂದು ಹೊರಟುಹೋದರು.

ನಮ್ಮ ಪಕ್ಷ ರಾಜ್ಯವನ್ನು ಹನ್ನೊಂದು ಸಾವಿರ ಮತಗಳಿಂದ ಗೆದ್ದಿತು. ಆ ಒಂದು ಮತ ಬಿದ್ದಿದ್ದರೆ ಏನೂ ಆಗುತ್ತಿರಲಿಲ್ಲ. ಅಷ್ಟಕ್ಕೆ ನಾನು ಸುಳ್ಳು ಹೇಳಿದ್ದೆ. ಎರಡು ವರ್ಷ ಅವರ ಮುಖ ನೋಡಿ ಮಾತಾಡಲು ನಾಚಿಕೆಯಾಗುತ್ತಿತ್ತು.

ಈ ಸಲ ನಾನೇ ಹೋಗಿ ಕರೆದೆ. ಮೊದಲ ಸಾಕ್ಷಿ ನಿಮಗೇ, ಬನ್ನಿ ಅಂದೆ. ಸ್ವೆಟರ್ ಹಾಕಿಕೊಂಡು ಬಂದರು. ಮತಗಟ್ಟೆಯಲ್ಲಿ ಕೈಯೆತ್ತಿದೆ. ಮೇಜಿನ ಹಿಂದೆ ಕೂತ ಹೆಣ್ಣುಮಗಳು ಪಟ್ಟಿಯನ್ನು ಎರಡು ಸಲ ನೋಡಿ, ಈ ವರ್ಷ ಹೆಸರು ತೆಗೆದಿದ್ದಾರೆ ಅಂದಳು. ಸತತ ಎರಡು ಚುನಾವಣೆಯಲ್ಲಿ ಮತ ಹಾಕದ ತೇಲ್ಮನೆಯವರ ಹೆಸರು ಹೋಗುತ್ತದೆ, ಮತ್ತೆ ಸೇರಲು ಆರು ವರ್ಷ ಕಾಯಬೇಕು. ನಾನು ಸುಳ್ಳು ಹೇಳಿದ್ದಕ್ಕೂ ಹಿಂದಿನ ಚುನಾವಣೆ ನೀಲಕ್ಕನ ಗಂಡ ತೀರಿಕೊಂಡ ವಾರವೇ ಬಂದಿತ್ತು, ಅವರು ಮನೆಯಿಂದ ಹೊರಬಿದ್ದಿರಲಿಲ್ಲ. ನನಗದು ನೆನಪೇ ಇರಲಿಲ್ಲ. ಮೊದಲನೆಯದು ಸಾವಿನಿಂದ ತಪ್ಪಿತು, ಎರಡನೆಯದು ನನ್ನಿಂದ.

ಅಲ್ಲೇ ಎಲ್ಲರ ಮುಂದೆ ತಪ್ಪು ಒಪ್ಪಿಕೊಂಡೆ. ನಾನು ಒಪ್ಪಿಕೊಂಡರೆ ನಿಯಮ ಬದಲಾಗುವುದಿಲ್ಲ. ಆ ಹುಡುಗಿಯೂ ಏನು ಮಾಡಿಯಾಳು. ನಾನು ನನ್ನ ಮತ ಹಾಕಿ ಹೊರಗೆ ಬರುವತನಕ ನೀಲಕ್ಕ ಬೆಂಚಿನ ಮೇಲೆ ಕಾಯುತ್ತಿದ್ದರು. ದಾರಿಯುದ್ದಕ್ಕೂ ನಾನು ಅಳುತ್ತಿದ್ದೆ.

ನಿಮ್ಮಲ್ಲಿ ನನ್ನದೊಂದು ಬೇಡಿಕೆ ಇದೆ. ಯಾರಾದರೂ ಸಾಕ್ಷಿ ಕೇಳಿ ಬಂದರೆ, ಅವರು ಅಲ್ಲಿ ವಾಸವಿದ್ದಾರೆಯೇ ಎಂಬುದಷ್ಟೇ ಪ್ರಶ್ನೆ. ಮತ ಯಾರಿಗೆ ಎಂಬುದು ಆ ಪ್ರಶ್ನೆಯಲ್ಲಿಲ್ಲ. ನಾನು ಅದನ್ನು ಸೇರಿಸಿಕೊಂಡೆ, ನೀವು ಸೇರಿಸಬೇಡಿ.

ಮನೆ ಮುಟ್ಟಿದಾಗ ನೀಲಕ್ಕ ಹಗ್ಗದ ಗಂಟು ಬಿಗಿಯಾಗಿದೆಯೇ ಎಂದು ಎಳೆದು ನೋಡಿ, ನನ್ನತ್ತ ತಿರುಗಿ ಅಂದರು: "ಅವತ್ತ ಕಿಡಕ್ಯಾಗ ಕುಂತು ನಾನೂ ಎಣಿಸಿದ್ದೆ, ಸಾವಂತ್ರಿ. ನೀ ಕರಕೊಂಡು ಹೋದವರು ಏಳೇ ಮಂದಿ. ಇನ್ನ ಆರು ವರ್ಷಕ್ಕ ನನಗ ಎಂಬತ್ತೊಂಬತ್ತು ತುಂಬ್ತಾವ. ಅವಾಗರ ನಿನ್ನ ಎಂಟು ಮುಗದಿರಬಾರದು, ನೋಡು."