ಮುಚ್ಚಳದೊಳಗಿನ ಓರೆ ಗೀರು

ಬೆಸಾನ್ಸೋಂ,
ಭಾನುವಾರ, ೧೪ ನವೆಂಬರ್ ೧೯೮೨

ಪ್ರೀತಿಯ ಗಾಸ್ತೋಂ ಅಣ್ಣ,

ಹೇಗಿದ್ದೀಯ? ಮಾರ್ಸೇಯ ಬಿಸಿಲಿಗಾದರೂ ನಿನ್ನ ಸೊಂಟದ ನೋವು ತಗ್ಗಿತೇ? ಅತ್ತಿಗೆಯ ಕಾರ್ಡಿನಲ್ಲಿ ನಿನ್ನ ಸುದ್ದಿ ಒಂದೇ ಸಾಲು. ನೀನಂತೂ ಇಪ್ಪತ್ತೊಂದು ವರ್ಷದಿಂದ ಒಂದು ಸಾಲೂ ಬರೆದವನಲ್ಲ. ಬೈಯುತ್ತಿಲ್ಲ, ಓದು. ಅಪ್ಪ ಹಾಸಿಗೆ ಹಿಡಿದು ಆರು ವಾರವಾಯಿತು. ಆಲೂಗಡ್ಡೆಯ ಮೇಲೆ ಚೀಸ್ ಕರಗಿಸಿ ಕೊಟ್ಟರೆ ಎರಡು ತುತ್ತು ತಿಂದು, ಉಪ್ಪಿಲ್ಲವೆಂದು ತಟ್ಟೆ ತಳ್ಳುತ್ತಿದ್ದರು. ಬೈಯುವ ಶಕ್ತಿ ಇರುವತನಕ ಭಯವಿಲ್ಲ ಅಂದುಕೊಂಡಿದ್ದೆ. ಈ ವಾರ ಬೈಯುವುದನ್ನೂ ಬಿಟ್ಟಿದ್ದಾರೆ.

ನಮ್ಮ ಲುಸೆತ್ ವಾಚು ಇನ್ನಿಲ್ಲ. ಮಾರ್ಚಿನಲ್ಲಿ ಕಾರ್ಖಾನೆಗೆ ಬೀಗ ಬಿತ್ತು, ಮೇಜುಗಳನ್ನು ಯಾರೋ ಸೌದೆಗೆಂದು ಒಯ್ದರು. ಈಗ ಊರಿನ ಮ್ಯೂಸಿಯಮ್ಮಿನವರು ಅದರ ಚರಿತ್ರೆಯನ್ನು ಎರಡು ಪುಟದಲ್ಲಿ ಬರೆದುಕೊಡಿ ಎಂದಿದ್ದಾರೆ. ಶುರು ಸಲೀಸಾಗಿ ಬಂತು. ಸಾವಿರದ ಒಂಬೈನೂರ ಮೂವತ್ತನಾಲ್ಕರಲ್ಲಿ, ಬತ್ತಾಂ ಬೀದಿಯ ಎರಡು ಕೋಣೆಯಲ್ಲಿ, ಅಪ್ಪ ನಮ್ಮಮ್ಮನ ಹೆಸರನ್ನೇ ವಾಚಿಗಿಟ್ಟು ಆರಂಭಿಸಿದ್ದು. ತಂಬಾಕಿನಂಗಡಿಯಲ್ಲೂ ಸಿಗುವಂಥ ಅಗ್ಗದ ವಾಚು. ಚಿನ್ನದ ವಾಚು ಮಾಡುತ್ತಿದ್ದ ಪಕ್ಕದ ಮನೆಯವರು, "ಹೆಂಡ್ತಿ ಹೆಸ್ರನ್ನ ತಂಬಾಕಿನಂಗಡೀಲಿ ಮಾರ್ತೀಯೇನಯ್ಯಾ?" ಎಂದು ನಕ್ಕರಂತೆ. "ಬಡವ್ರ ಮಕ್ಳಿಗೂ ಗಂಟೆ ಎಷ್ಟಾಯ್ತು ಅಂತ ಗೊತ್ತಾಗ್ಬೇಕಲ್ಲಪ್ಪ" ಎಂದರಂತೆ ಅಪ್ಪ. ಆಮೇಲೆ ಮಕ್ಕಳು ಮೊದಲ ಸಲ ಪರಮಪ್ರಸಾದ ಪಡೆಯುವ ದಿನ ಇಗರ್ಜಿಯಲ್ಲಿ ಅರ್ಧದಷ್ಟು ಮಕ್ಕಳ ಕೈಯಲ್ಲಿ ಉಡುಗೊರೆಯ ಲುಸೆತ್ ಇರುತ್ತಿದ್ದದ್ದು ನಿನಗೇ ಗೊತ್ತು. ಕೊನೆಯೂ ಸಲೀಸು: ಜಪಾನಿನ ಬ್ಯಾಟರಿ ವಾಚು ಬಂತು, ನಾವು ಹೋದೆವು. ನಡುವಿನ ಅರವತ್ತೊಂದನೇ ಇಸವಿಗೆ ಬಂದಾಗ ಪೆನ್ನು ನಿಂತುಹೋಯಿತು.

ಆ ಏಪ್ರಿಲಿನಲ್ಲಿ ಅಪ್ಪ ಊರಲ್ಲಿಲ್ಲದ ಸಮಯ ನೋಡಿ ನೀನು ಲೂ ನದಿಗೆ ಮೀನು ಹಿಡಿಯಲು ಹೊರಟೆ. "ಮೂರೇ ದಿನ ನನ್ ಜಾಗ್ದಲ್ಲಿ ಕೂತ್ಕೊಳ್ಳೇ ಸೊಲಾಂಜ್, ದೊಡ್ಡ ಮೀನು ನಿಂಗೇ" ಅಂದೆ. ಕೂತೆ. ವಾಚುಗಳಿಗೆ ಎಣ್ಣೆ ಬಿಟ್ಟೆ, ಮುಚ್ಚಳ ಹಾಕಿದೆ. ಮುಚ್ಚಿದವರ ಗುರುತು ಮುಚ್ಚಳದೊಳಗೆ ಇರಲೇಬೇಕಲ್ಲ, ಪ್ರತಿಯೊಂದರಲ್ಲೂ ನಿನ್ನ ಗುರುತನ್ನೇ ಕೊರೆದೆ: ಒಂದು ಓರೆ ಗೀರು, ಕೆಳಗೊಂದು ಚುಕ್ಕಿ. ನಿನ್ನ ಮೇಜಿನ ಮೇಲೆ ಒಂದೇ ಥರದ ಎರಡು ಶೀಶೆಗಳಿದ್ದವು. ನಾನು ಬಿಟ್ಟದ್ದು ಗೋಡೆ ಗಡಿಯಾರದ ಎಣ್ಣೆ. ಬೇಸಿಗೆಯೆಲ್ಲ ವಾಚುಗಳು ನಡೆದವು. ಕ್ರಿಸ್ಮಸ್ಸಿನ ಚಳಿಗೆ ಆ ಎಣ್ಣೆ ಗಟ್ಟಿಯಾಗಿ, ಮಕ್ಕಳ ಕೈಯಲ್ಲೇ ನಿಂತುಹೋದವು. ಅಂಗಡಿಯವರು ಬುಟ್ಟಿಗಟ್ಟಲೆ ತಂದು ಸುರಿದರು. ಅಪ್ಪ ಒಂದನ್ನು ಬಿಚ್ಚಿ ನಿನ್ನ ಗುರುತು ನೋಡಿದರು. "ಸತ್ತೋದ ನಿಮ್ಮಮ್ಮನ ಹೆಸ್ರಿಗೆ ಮಸಿ ಬಳ್ದೆಯಲ್ಲೋ, ನಡಿ ಆಚೆ" ಎಂದು ಎಲ್ಲರೆದುರು ಅಂದರು. ನೀನು ಒಂದೇ ಒಂದು ಸಲ ನನ್ನ ಕಡೆ ನೋಡಿದೆ. ನಾನು ತಲೆ ತಗ್ಗಿಸಿದೆ. ನೀನು ನನ್ನ ಹೆಸರು ಹೇಳದೆ ಪೆಟ್ಟಿಗೆ ಎತ್ತಿಕೊಂಡು ಹೋದೆ. ನನಗಾಗ ಹತ್ತೊಂಬತ್ತು ವರ್ಷ. ಇಷ್ಟು ವರ್ಷ ಅದನ್ನೇ ನೆಪ ಹೇಳಿಕೊಂಡು ಬದುಕಿದೆ. ನನಗೆ ನಾಚಿಕೆಯಾಗುತ್ತದೆ ಅಣ್ಣ.

ಈಗ ಚರಿತ್ರೆಯಲ್ಲಿ ನನ್ನ ಹೆಸರನ್ನೇ ಬರೆದಿದ್ದೇನೆ. ಮ್ಯೂಸಿಯಮ್ಮಿಗೆ ಕೊಡುವ ಮೊದಲು ಅಪ್ಪನಿಗೆ ಓದಿ ಹೇಳಬೇಕು. ಅಕ್ಷರ ಸೊಟ್ಟಗಿದ್ದರೆ ಸುಧಾರಿಸಿಕೊಂಡು ಓದು. ನನ್ನ ತಪ್ಪನ್ನು ಹೊಟ್ಟೆಗೆ ಹಾಕಿಕೋ ಎಂದು ಕೇಳುವ ಮುಖ ನನಗಿಲ್ಲ, ಆದರೂ ಕೇಳುತ್ತಿದ್ದೇನೆ. ಅತ್ತಿಗೆಗೆ ನಮಸ್ಕಾರ, ನಾನು ಕಣ್ಣಾರೆ ಕಾಣದ ಮಕ್ಕಳಿಗೆ ಮುತ್ತು.

ನಿನ್ನ ತಂಗಿ,
ಸೊಲಾಂಜ್

ಮತ್ತೆ: ಈಗಷ್ಟೇ ಓದಿ ಹೇಳಿ ಬಂದೆ. ಅಪ್ಪ ಕೊನೆಯತನಕ ಕೇಳಿ, ದಿಂಬಿನಡಿಯಿಂದ ಒಂದು ವಾಚು ತೆಗೆದರು. ಆವತ್ತು ಬಿಚ್ಚಿದ್ದು ಅದೇ. "ಗೀರು ಯಾವ್ಕಡೆ ವಾಲಿದೆ ನೋಡು. ನನ್ ಮಗ ಎಡಚ. ಅವ್ನು ಕೊರೆದಿದ್ರೆ ಹಿಂಗ್ ವಾಲ್ತಿರ್ಲಿಲ್ಲ. ಅವ್ನು ಹೋದ್ಮೇಲೆ ಸಂಜೆ ಕಣ್ಣಿಗ್ ಬಿತ್ತು. ನೀನೇ ಬಂದು ಹೇಳ್ತೀಯ ಅಂತ ಕಾದೆ ಕಣೇ" ಎಂದರು. ಆಮೇಲೆ ಅದಕ್ಕೆ ಕೀಲಿ ಕೊಡಿಸಿಕೊಂಡು, "ಗಾಸ್ತೋಂ ಬರೋ ರೈಲು ಎಷ್ಟೊತ್ತಿಗೆ?" ಎಂದು ಕೇಳಿದರು. ಗುರುವಾರ ಸಂಜೆ ಆರೂವರೆಗೆ ಎಂದುಬಿಟ್ಟೆ. ವಾಚನ್ನು ಕಿವಿಗೆ ಹಿಡಿದುಕೊಂಡೇ ಮಲಗಿದ್ದಾರೆ. ಅಣ್ಣ, ಇದೊಂದು ಸುಳ್ಳಾಗದ ಹಾಗೆ ನೋಡಿಕೋ.