ಒಂದು ಹನಿ ನೀರು

೨೫ ಜೂನ್ ೧೯೬೮, ಮಂಗಳವಾರ. ಓಕಾಯಾಮಾ.

ಆ ಮುದುಕ ಪ್ರೊಫೆಸರನ ಮುಖ ಕಣ್ಣೆದುರಿಂದ ಹೋಗುತ್ತಿಲ್ಲ.

ಈ ಜಡಿಮಳೆಯ ತೇವ ದ್ರಾವಣಕ್ಕೆ ಸೇರಿ ಫಲಿತಾಂಶ ಕೆಡಿಸುತ್ತಿದೆ ಎಂದು ಎರಡು ವರ್ಷದಿಂದ ಬಡಕೊಂಡೆ. ನಮ್ಮ ಪ್ರಯೋಗಾಲಯದ ಗುರು ಕುವಬಾರಾ ಸೆನ್ಸೇ ಕಿವಿಗೇ ಹಾಕಿಕೊಳ್ಳಲಿಲ್ಲ. ಕರೆಂಟು ಹಾಯಿಸಿದರೆ ಡೈಫಿನೈಲ್ ಆಂಥ್ರಸೀನ್ ಎಂಬ ರಾಸಾಯನಿಕ ಎರಡು ಎಲೆಕ್ಟ್ರಾನ್‌ಗಳನ್ನು ಒಟ್ಟಿಗೇ ಕಳೆದುಕೊಳ್ಳುತ್ತದೆ ಎಂಬುದು ಅವರಿಗೆ ಹೆಸರು ತಂದ ಸಿದ್ಧಾಂತ. ಇವತ್ತು ಬೆಳಿಗ್ಗೆ ಅಲ್ಯುಮಿನ ಪುಡಿಯನ್ನು ಕಾಯಿಸಿ ಹಾಕಿ, ನೀರಿನ ಪಸೆಯನ್ನೆಲ್ಲ ಹೀರಿಸಿದೆ. ಹೋಗಿದ್ದು ಒಂದೇ ಎಲೆಕ್ಟ್ರಾನ್. ಅದರ ಗುರುತಾಗಿ ದ್ರಾವಣ ನೀಲಿಯಾಗಿ, ಹಾಗೇ ನಿಂತಿತು.

"ನಿನ್ನ ಪಾತ್ರೆ ಕೊಳಕು ಕಣಮ್ಮಾ ಮಿಯಾಶಿತಾ. ನೀರಿಗೂ ಇದಕ್ಕೂ ಏನ್ ಸಂಬಂಧ? ಬೇಕಾದ್ರೆ ಒಂದ್ ಹನಿ ಹಾಕಿ ನೋಡು" ಎಂದರು ಸೆನ್ಸೇ.

ಅವರ ಚಹಾಕ್ಕೆಂದು ಇಟ್ಟಿದ್ದ ಕೆಟಲಿನಿಂದಲೇ ಒಂದು ಹನಿ ಬಿಟ್ಟೆ. ನೀಲಿ ಮಾಯ. ಕರೆಂಟು ಅಳೆಯುವ ಯಂತ್ರದ ಲೇಖನಿ ಎರಡು ಎಲೆಕ್ಟ್ರಾನ್ ತೋರಿಸುವ ಅವರ ಹಳೆಯ ಗೆರೆಯನ್ನೇ ಗೀಚಿತು.

"ನೋಡಿದ್ರಾ ಸೆನ್ಸೇ? ನೀರು ಮೇಲೆ ಬಿದ್ಮೇಲೇ ಎರಡನೇದು ಹೋಗೋದು."

ಪ್ರಯೋಗಾಲಯದ ಉಳಿದ ಐದು ಜನ ಗಂಡಸರು ನೆಲ ನೋಡುತ್ತಿದ್ದರು.

"ಕೆಟಲಿನಲ್ಲಿ ನೀರು ಉಳಿದಿದೆ ತಾನೇ?" ಎಂದರು ಸೆನ್ಸೇ. "ಹಾಗಾದ್ರೆ ಚಹಾ ತಾ."

ಚಹಾ ತಂದೆ. ಕೊಡುವಾಗ ನನ್ನ ಸೊಂಟ ತಾನಾಗಿಯೇ ಬಾಗಿತು. ಅವರಿಗಿಂತ ಹೆಚ್ಚು ಸಿಟ್ಟು ಈಗ ಈ ಸೊಂಟದ ಮೇಲೆ. ನೀರು ಸೇರುವ ಮುಂಚಿನ, ಬೆಳಗಿನ ಗೆರೆಯಿದ್ದ ಹಾಳೆ ಮಾತ್ರ ಕೊಡಲಿಲ್ಲ. ಕೇಳಿದರೆ ಒದ್ದೆಯಾಯಿತು ಎನ್ನುತ್ತೇನೆ. ನೀರು ಬಿತ್ತು ಸೆನ್ಸೇ, ಒಂದೇ ಒಂದು ಹನಿ.