ಒಂಬತ್ತು ಮನೆಯ ಹೂವು

ಸೊಲ್ಲಾಪುರ
೬ ಸೆಪ್ಟೆಂಬರ್ ೧೯೫೬

ಪ್ರೀತಿಯ ಯಜಮಾನರ ಪಾದಗಳಿಗೆ ಸುಮಿತ್ರಾಳ ನಮಸ್ಕಾರ.

ಕೆಮ್ಮು ಹೇಗಿದೆ? ಹೋದ ಪತ್ರದಲ್ಲಿ ‘ಕಡಿಮೆ’ ಎಂದು ಬರೆದಿದ್ದಿರಿ, ಆದರೆ ಅಕ್ಷರಗಳು ಸಾಲು ಬಿಟ್ಟು ಕೆಳಗಿಳಿದಿದ್ದವು. ಒಂದು ಗೆರೆ ಸೊಟ್ಟಾದರೆ ಊಟ ಬಿಡುವ ನೀವು ಹಾಗೆ ಬರೆದಿರಿ ಎಂದರೆ ಕೈಗೆ ಇನ್ನೂ ಬಲ ಬಂದಿಲ್ಲ. ನನ್ನ ಹತ್ತಿರ ಸುಳ್ಳು ನಡೆಯುವುದಿಲ್ಲ. ಆಸ್ಪತ್ರೆಯವರು ಕೊಡುವ ಹಾಲನ್ನು ಪಕ್ಕದ ಹಾಸಿಗೆಯವರಿಗೆ ದಾನ ಮಾಡದೆ ನೀವೇ ಕುಡಿಯಿರಿ. ಅತ್ತೆಯವರು ಅಕ್ಕಲಕೋಟದಿಂದ ಬಂದು ತಿಂಗಳಾಯಿತು. ಮೊಣಕಾಲು ನೋವು ಬಿಟ್ಟರೆ ಆರಾಮಾಗಿದ್ದಾರೆ.

ಒಳ್ಳೆಯ ಸುದ್ದಿಯನ್ನು ಮೊದಲೇ ಹೇಳಿಬಿಡುತ್ತೇನೆ. ಚಾದರದ ಮೇಲೆ ನೇಯುವ ಹೂವಿನ ಹೊಸ ನಕ್ಷೆ ಒಪ್ಪಿಗೆಯಾಯಿತು. ಕಾರಖಾನೆಯಲ್ಲಿ ನಿಮ್ಮ ಮೇಜು ನಿಮಗೇ ಉಳಿಯಿತು. ಶ್ರಾವಣ ಮುಗಿಯುವುದರೊಳಗೆ ಹೊಸ ನಕ್ಷೆ ಬಾರದಿದ್ದರೆ ಅಲ್ಲಿ ಬೇರೆಯವರನ್ನು ಕೂರಿಸುತ್ತೇನೆಂದು ಸಾವಕಾರ ಸಾತಲಿಂಗಪ್ಪನವರು ಹೇಳಿಕಳಿಸಿದ್ದರು. ನಿಮಗೆ ತಿಳಿಸಲಿಲ್ಲ, ತಿಳಿಸಿದ್ದರೆ ನೀವು ಹಾಸಿಗೆಯಿಂದೆದ್ದು ರೈಲು ಹತ್ತುತ್ತಿದ್ದಿರಿ. ಸುದ್ದಿ ತಂದವರು ಬಸಯ್ಯನವರು, ನಿಮ್ಮ ನಕ್ಷೆ ನೋಡಿ ಮಗ್ಗದ ರಟ್ಟುಗಳಿಗೆ ತೂತು ಹೊಡೆಯುವ ಅದೇ ಸ್ನೇಹಿತರು. “ವೈನಿ, ನಕ್ಷಿ ನೀವಽ ತಗೀರಿ. ಅವ್ರು ದವಾಖಾನಿಯಿಂದ ಕಳಿಸ್ಯಾರಂತ ನಾ ಹೇಳ್ತೀನಿ” ಎಂದರು. ನಾನು ಹೂಂ ಅಂದೆ.

ಧೈರ್ಯ ಎಲ್ಲಿಂದ ಬಂತು ಎನ್ನುತ್ತೀರಾ? ನಿಮ್ಮಿಂದಲೇ. ಹೋದ ವರ್ಷ ಕೆಮ್ಮು ಹತ್ತಿದಾಗ ನೀವು ಗೋಡೆಗೆ ಒರಗಿ ಹೇಳುತ್ತಿದ್ದಿರಿ, ನಾನು ಗ್ರಾಫ್ ಕಾಗದದ ಚೌಕ ಮನೆಗಳನ್ನು ತುಂಬುತ್ತಿದ್ದೆ. ಪೆನ್ಸಿಲಿನ ಮೊನೆ ಉದ್ದವಾಗಿರಬೇಕು, ಅಂಗೈ ಕೆಳಗೆ ಒಂದು ಚೂರು ಕಾಗದವಿರಬೇಕು, ಪಟ್ಟಿಯ ಅಂಚನ್ನು ಪ್ರತಿ ಗೆರೆಗೂ ಒರೆಸಬೇಕು, ಮೇಲಿನಿಂದ ಕೆಳಗೆ ಬರಬೇಕು. “ಒಂದು ಮನಿ ತಪ್ಪಿದ್ರ ಇಡೀ ಚಾದರ ತಪ್ಪತೈತಿ” ಎಂದು ಬೈದು, ಆಮೇಲೆ ನೀವೇ ನಕ್ಕು ನೀರು ಕೇಳುತ್ತಿದ್ದಿರಿ. ಆಗ ಬೇಸರವಾಗುತ್ತಿತ್ತು. ಈಗ ಒಂದೊಂದು ಮಾತೂ ನೆನಪಾಗಿ ಕಣ್ಣು ತುಂಬುತ್ತದೆ.

ಆದರೆ ನಾನು ಮಾಡಿದ ಘನಕಾರ್ಯ ಕೇಳಿ. ಕುಸುಬಿ ಹೂವಿನ ನಕ್ಷೆ ತೆಗೆಯಬೇಕೆಂದು ಮನಸ್ಸಾಯಿತು. ಜೊತೆಗೆ ಕೂತು ಹೇಳುವವರಿಲ್ಲ, ಕೈ ತನ್ನ ಹಳೆಯ ರೂಢಿಗೆ ಹೋಯಿತು. ರಂಗೋಲಿಗೆ ಚುಕ್ಕಿ ಇಟ್ಟಂತೆ, ಗೆರೆಗಳು ಕೂಡುವ ಜಾಗದಲ್ಲೆಲ್ಲ ಚುಕ್ಕಿ ಇಟ್ಟು, ಹೂವಿನ ಅಗಲಕ್ಕೆ ಬೇಕಾದ ಒಂಬತ್ತು ಮನೆಯೆಂದು ಒಂಬತ್ತು ಚುಕ್ಕಿ ಎಣಿಸಿಕೊಂಡೆ. ಒಂಬತ್ತು ಚುಕ್ಕಿಗಳ ನಡುವೆ ಇರುವುದು ಎಂಟೇ ಮನೆ! ಹೂವಿಗೆ ನಟ್ಟನಡುವಿನ ಮನೆಯೇ ಇಲ್ಲವಾಗಿ ದಂಟು ಬಲಕ್ಕೆ ಸರಿದು ನಿಂತಿತು. ಹದಿನೈದು ದಿನದ ಕೆಲಸ ಮುಗಿದ ಮೇಲೆ ಬಸಯ್ಯನವರು ನೋಡಿ, “ವೈನಿ, ಇದಕ್ಕ ಸೊಂಟ ಉಳಕೈತೇನು?” ಎಂದರು. ಶ್ರಾವಣ ಮುಗಿಯಲು ಒಂಬತ್ತೇ ದಿನ ಉಳಿದಿತ್ತು.

ಮತ್ತೆ ಹೊಸ ಹಾಳೆ ಹಚ್ಚಿದೆ. ಈ ಸಲ ಚುಕ್ಕಿಯಲ್ಲ, ಮನೆಯನ್ನೇ ಎಣಿಸಿದೆ, ನಡುವಿನದನ್ನು ಮೊದಲು ತುಂಬಿ ಎರಡೂ ಕಡೆಗೆ ನಡೆದೆ. ಮನೆಗಳಿಗೆ ತುಂಬಿದ ಹಸಿ ಮಸಿಯ ಮೇಲೆ ಬಳೆ ಉಜ್ಜಿ ಕಲೆಯಾಗತೊಡಗಿತು. ತೆಗೆದಿಡಲೆಂದು ಕೈ ಹಾಕಿದ್ದೇ ತಡ, ಅತ್ತೆಯವರು ಮೊಣಕಾಲು ನೋವು ಮರೆತು ಓಡಿಬಂದರು. “ನನ್ನ ಮಗಾ ಹಾಸಗಿ ಹಿಡದಾನ, ನೀ ಬಳಿ ತಗೀತಿಯೇನ?” ಎಂದು ಗದರಿ, ತಮ್ಮ ಹಳೆಯ ಸೀರೆಯ ಅಂಚು ಹರಿದು ಬಳೆಗಳ ಮೇಲೆ ಸುತ್ತಿ ಕಟ್ಟಿದರು. ಅಂದಿನಿಂದ ಒಲೆಯ ಹತ್ತಿರ ನನ್ನನ್ನು ಬಿಟ್ಟುಕೊಳ್ಳಲಿಲ್ಲ, ಎಣ್ಣೆಗೈ ಹಾಳೆಗೆ ತಾಗೀತೆಂದು. ಅವರ ಋಣ ನಾನು ತೀರಿಸಲಾರೆ. ನಿಮ್ಮದಂತೂ ಹೇಳುವುದೇ ಬೇಡ.

ಅತ್ತೆಯವರು ಆಶೀರ್ವಾದ ತಿಳಿಸಿದ್ದಾರೆ. ರಾತ್ರಿ ಕಿವಿಗೆ ಅರಿವೆ ಕಟ್ಟಿಕೊಳ್ಳಬೇಕಂತೆ. ನಮ್ಮ ಚಿಂತೆ ಬಿಟ್ಟು ನಿದ್ದೆ ಮಾಡಿ.

ನಿಮ್ಮ ಕೈಯಲ್ಲಿ ಕಲಿತ
ಸುಮಿತ್ರಾ

ತಾ.ಕ.: ಬಸಯ್ಯನವರು ಅಂಚೆಗೆ ಹೊರಟು ಬಾಗಿಲಲ್ಲಿ ನಿಂತಿದ್ದಾರೆ, ಬೇಗ ಬರೆಯುತ್ತೇನೆ. ಹಾಳೆ ಕೊಡಲು ಬಸಯ್ಯನವರ ಜೊತೆ ನಾನೂ ಕಾರಖಾನೆಗೆ ಹೋಗಿದ್ದೆ, ‘ದವಾಖಾನೆಯಿಂದ ಕಳಿಸಿದ್ದು’ ಎಂಬ ಸುಳ್ಳು ನಿಲ್ಲಲಿಲ್ಲ. ಹಾಳೆಯ ಮೂಲೆಯಲ್ಲಿ ತೆಗೆದವರ ಹೆಸರಿರಬೇಕಂತೆ. “ನಿಮ್ಮ ಯಜಮಾನ್ರ ಹೆಸರು ಬರೀರಿ ತಾಯಿ” ಎಂದು ಸಾವಕಾರರು ಪೆನ್ನು ಕೊಟ್ಟರು. ಈ ಲಕೋಟೆಯ ವಿಳಾಸವನ್ನೂ ಬಸಯ್ಯನವರಿಂದ ಬರೆಸುವ ನಾನು ಗಂಡನ ಹೆಸರನ್ನು ಹೇಗೆ ಬರೆಯಲಿ? “ತಗದಾಕಿ ನಾನಽ ರೀ” ಎಂದುಬಿಟ್ಟೆ. ಅವರು ಹಾಳೆಯ ಮೇಲೆ ಬೆರಳಾಡಿಸಿ ಮನೆಗಳನ್ನು ಎಣಿಸಿದರು. “ಕೈ ಮಾತ್ರ ಅವಂದಽ ಐತಿ. ಅಂವಾ ಬರೋತನಕ ಮೇಜಿಗೆ ನೀ ಕೂಡು” ಎಂದರು. ಮೂಲೆಯಲ್ಲಿ ‘ಸುಮಿತ್ರಾಬಾಯಿ’ ಎಂದು ಬರೆದೆ. ಅದರ ಕೆಳಗೆ ‘ಕಲಿಸಿದವರು’ ಎಂದು ಬರೆದು ಮುಂದೆ ಜಾಗ ಬಿಟ್ಟಿದ್ದೇನೆ. ಬಸಯ್ಯನವರು ತುಂಬಲು ಬಂದರು, ನಾನು ಬಿಡಲಿಲ್ಲ. ಅದನ್ನು ನೀವೇ ಬಂದು ಬರೆಯಬೇಕು.